ತಟ್ಟೆ ಎಣಿಸಬೇಡಿ, ಮಗುವನ್ನು ತೂಗಿರಿ

(ಕೊಟ್ಟೂರಿನ ರೈತ ಸಭೆಯಲ್ಲಿ ಮಾಡಿದ ಭಾಷಣ)



ನಾವು ಮೆಕ್ಕೆಜೋಳದ ಚೀಲ ಮಾರುಕಟ್ಟೆಗೆ ಹಾಕಿದರೆ ಏನೇನು ನೋಡ್ತಾರೆ ನಿಮಗೆ ಗೊತ್ತು. ತೇವ ನೋಡ್ತಾರೆ, ಕಸ ನೋಡ್ತಾರೆ, ತೂಕದಲ್ಲಿ ಮುರೀತಾರೆ. 2018ರಲ್ಲಿ ಸಾಲ ಮನ್ನಾ ಅಂದಾಗ ಆಧಾರ್, ಪಹಣಿ, ರೇಷನ್ ಕಾರ್ಡ್ ಹಿಡಿದು ಸರತಿಯಲ್ಲಿ ನಿಂತೆವು. ರೈತನಿಗೆ ಒಂದು ರೂಪಾಯಿ ಕೊಡಬೇಕಾದರೆ ಸರ್ಕಾರಕ್ಕೆ ಇಷ್ಟು ಲೆಕ್ಕ ಬೇಕು. ಅದೇ ಸರ್ಕಾರ ಮಠಗಳಿಗೆ, ಟ್ರಸ್ಟುಗಳಿಗೆ, ಸ್ವಯಂಸೇವಾ ಸಂಸ್ಥೆಗಳಿಗೆ ಕೋಟಿಗಟ್ಟಲೆ ಕೊಡುತ್ತದಲ್ಲ, ಅದರಿಂದ ಯಾರ ಬದುಕಿನಲ್ಲಿ ಏನು ಬದಲಾಯಿತು ಎಂದು ತೂಗಿ ನೋಡಿದವರು ಯಾರು?

ತಪ್ಪು ತಿಳಿಯಬೇಡಿ. ದಾಸೋಹ ಅಂದರೇನು ಅಂತ ಗುರು ಕೊಟ್ಟೂರೇಶ್ವರನ ಊರಿನವರಿಗೆ ನಾನು ಹೇಳಬೇಕಾಗಿಲ್ಲ. ಭಕ್ತರು ತಮ್ಮ ಹೊಲದ ಜೋಳ ತಂದು ಸುರೀತಾರೆ, ಎದುರಿಗೇ ಬೇಯುತ್ತದೆ, ಎದುರಿಗೇ ಉಣ್ಣುತ್ತಾರೆ. ಅಲ್ಲಿ ಕಣ್ಣೇ ಲೆಕ್ಕ. ಆದರೆ ಬಜೆಟ್ಟಿನ ಹಣ ಬಂತು ಅಂದಮೇಲೆ ಅದು ಭಕ್ತನ ಕಾಣಿಕೆಯಲ್ಲ, ಬೆಂಕಿಪೊಟ್ಟಣಕ್ಕೂ ತೆರಿಗೆ ಕಟ್ಟಿದ ಕೂಲಿಯವಳ ದುಡ್ಡು. 2022ರ ಏಪ್ರಿಲ್‌ನಲ್ಲಿ ದಿಂಗಾಲೇಶ್ವರ ಸ್ವಾಮಿಗಳು ಮಠದ ಅನುದಾನಕ್ಕೂ 30 ಪರ್ಸೆಂಟ್ ಕಮಿಷನ್ ಕೊಡಬೇಕಾಗಿದೆ ಎಂದು ಬಹಿರಂಗವಾಗಿ ಆರೋಪಿಸಿದರು. ಸಾಕ್ಷಿ ಕೊಡಿ ಅಂದರು ಅಂದಿನ ಮುಖ್ಯಮಂತ್ರಿ. ಗದ್ದಲವೆಲ್ಲಾ ಆ 30ರ ಮೇಲೆಯೇ ನಡೆಯಿತು. ಉಳಿದ 70ರಿಂದ ಏನಾಯಿತು ಅಂತ ಯಾರೂ ಕೇಳಲಿಲ್ಲ! ಕಟ್ಟಡ ಎದ್ದರೆ, ಹಣ ಬಳಕೆಯ ಪ್ರಮಾಣಪತ್ರ ಹೋದರೆ ಕೆಲಸ ಮುಗಿಯಿತು. ಬೀಗ ಹಾಕಿದ ಭವನಕ್ಕೂ ಪ್ರಮಾಣಪತ್ರ ಸಿಗುತ್ತದೆ.

ಶಾಲೆಯ ಬಿಸಿಯೂಟವನ್ನೇ ನೋಡ್ರಿ. ಅಕ್ಷರ ದಾಸೋಹ 2002ರಲ್ಲಿ ಶುರುವಾದಾಗ ಬಳ್ಳಾರಿ ಜಿಲ್ಲೆಯೂ ಮೊದಲ ಏಳರಲ್ಲಿ ಇತ್ತು. ಕೆಲವು ಕಡೆ ಊಟ ಕೊಡುವುದು ಇಸ್ಕಾನ್ ಕಡೆಯವರು ಕಟ್ಟಿದ ಅಕ್ಷಯ ಪಾತ್ರ ಸಂಸ್ಥೆ. ಅಕ್ಕಿಯೂ ಸರ್ಕಾರದ್ದು, ಅಡುಗೆ ಖರ್ಚಿಗೂ ಸರ್ಕಾರದ ಹಣ ಇದೆ. ಈರುಳ್ಳಿ ಬೆಳ್ಳುಳ್ಳಿ ಹಾಕಿ ಎಂದು 2018ರಲ್ಲಿ ಸರ್ಕಾರ ಹೇಳಿದರೆ ಸಂಸ್ಥೆ ಒಪ್ಪಲಿಲ್ಲ. 2019ರಲ್ಲಿ ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆ ಊಟದ ಪೋಷಕಾಂಶ ಸರಿಯಾಗಿದೆ ಎಂದಿತು. ಆಹಾರ ಹಕ್ಕಿನ ಹೋರಾಟಗಾರರು ಆಗ ಕೇಳಿದ ಪ್ರಶ್ನೆ ನಮ್ಮ ಹೆಣ್ಣುಮಕ್ಕಳು ಕೇಳುವಂಥದೇ: ಬೇಯಿಸಿದ್ದಿರಲಿ, ಮಕ್ಕಳು ಉಂಡದ್ದೆಷ್ಟು, ಚೆಲ್ಲಿದ್ದೆಷ್ಟು?

ಇನ್ನು ಮೊಟ್ಟೆಯ ವಿಷಯ. 2021ರ ಡಿಸೆಂಬರಿನಲ್ಲಿ ಅಪೌಷ್ಟಿಕತೆ ಹೆಚ್ಚಿದ್ದ ಏಳು ಜಿಲ್ಲೆಗಳಲ್ಲಿ ಮೊಟ್ಟೆ, ಬೇಡವೆಂದವರಿಗೆ ಬಾಳೆಹಣ್ಣು ಕೊಡಲು ಶುರು ಮಾಡಿದರು. ಬಳ್ಳಾರಿ ಅದರಲ್ಲೂ ಇತ್ತು. ಕೆಲವು ಸ್ವಾಮಿಗಳು ವಿರೋಧಿಸಿದರು, ಬೀದಿಗೂ ಇಳಿಯುತ್ತೇವೆ ಅಂದರು. ಸಿಟ್ಟಿನ ಮಾತು ಎರಡೂ ಕಡೆ ಬಂದವು. ಆದರೆ ಈ ಸಲ ಒಂದು ಒಳ್ಳೆಯ ಕೆಲಸ ನಡೆಯಿತು. ಗದಗಿನ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯದವರು ಮೊಟ್ಟೆ ಕೊಟ್ಟ ಯಾದಗಿರಿಯ ಮಕ್ಕಳನ್ನೂ ಕೊಡದ ಗದಗಿನ ಮಕ್ಕಳನ್ನೂ ತೂಗಿ ನೋಡಿದರು. ಯಾದಗಿರಿಯ ಮಕ್ಕಳ ತೂಕ ಹೆಚ್ಚು ಏರಿತ್ತು, ಅದರಲ್ಲೂ ಹೆಣ್ಣುಮಕ್ಕಳದು.

ಇದು ನಮಗೆ ಹೊಸದಲ್ಲ. ಗೊಬ್ಬರದ ಗುಣ ತಿಳಿಯಬೇಕಾದರೆ ಗೊಬ್ಬರ ಹಾಕದ ನಾಲ್ಕು ಸಾಲು ಬಿಟ್ಟು ನೋಡಬೇಕು. ಮಳೆ ಚೆನ್ನಾದ ವರ್ಷ ಎಲ್ಲರ ಹೊಲವೂ ಹಸಿರೇ, ಗೊಬ್ಬರದ ಅಂಗಡಿಯವ ಮಾತ್ರ ಎಲ್ಲಾ ತನ್ನದೇ ಅಂತಾನೆ. ಸಂಸ್ಥೆಗಳ ವರದಿಯೂ ಹೀಗೇ. ನೂರು ಮಕ್ಕಳು ಪಾಸಾದರು ಅಂತ ಬರೀತಾರೆ. ಆ ಮಕ್ಕಳು ಸೇರುವಾಗಲೇ ಜಾಣರಿದ್ದರೋ, ಕಷ್ಟದ ಮಕ್ಕಳನ್ನು ಬಾಗಿಲಲ್ಲೇ ತಿರುಗಿಸಿದರೋ, ಅದು ವರದಿಯಲ್ಲಿ ಇರೋದಿಲ್ಲ. ಕೂಡ್ಲಿಗಿ, ಹರಪನಹಳ್ಳಿ ಕಡೆಯಿಂದ ಗುಳೆ ಹೋದವರ ಮಕ್ಕಳ ಹೆಸರು ಹಾಜರಿ ಪುಸ್ತಕದಲ್ಲಿ ಉಂಡವೋ ಇಲ್ಲವೋ, ಅದನ್ನೂ ನೋಡಬೇಕು.

ಈ ಅಳತೆ ಮಠಕ್ಕೆ ಮಾತ್ರ ಅಂತ ನಾನು ಹೇಳುತ್ತಿಲ್ಲ. ಧರ್ಮದ ಹೆಸರಿಲ್ಲದ ಅಜೀಂ ಪ್ರೇಮ್‌ಜಿ ಫೌಂಡೇಶನ್ 2024ರಲ್ಲಿ ಮೂರು ವರ್ಷಕ್ಕೆ 1,500 ಕೋಟಿ ರೂಪಾಯಿ ತನ್ನದೇ ಹಣ ಕೊಡಲು ಒಪ್ಪಿತು. ವಾರಕ್ಕೆ ಎರಡು ದಿನದ ಮೊಟ್ಟೆ ಆರು ದಿನಕ್ಕೆ ಬಂತು. ಸಂತೋಷ. ಆದರೂ ಮೊಟ್ಟೆ ಮಗುವಿನ ಬಾಯಿಗೆ ಬಿತ್ತೋ ಇಲ್ಲವೋ ಅಂತ ಅಲ್ಲೂ ಕೇಳಲೇಬೇಕು. ಕಾವಿಗೊಂದು ತಕ್ಕಡಿ, ಖಾದಿಗೊಂದು ತಕ್ಕಡಿ ಬೇಡ. (ಬೆಳೆದ ಶೇಂಗಾಕ್ಕೆ ಸರಿಯಾದ ಬೆಲೆ ಸಿಕ್ಕಿದ್ದರೆ ನಮ್ಮ ಮಕ್ಕಳು ಯಾರ ತಟ್ಟೆಯ ಮುಂದೆಯೂ ಕೂರುತ್ತಿರಲಿಲ್ಲ, ಆ ಮಾತು ಇನ್ನೊಂದು ದಿನ ಆಡೋಣ.)

ಕಾನೂನು ನಮ್ಮ ಕೈಯಲ್ಲಿ ಐತಿ. ಸರ್ಕಾರದಿಂದ ಗಣನೀಯವಾಗಿ ಹಣ ಪಡೆಯುವ ಸ್ವಯಂಸೇವಾ ಸಂಸ್ಥೆಯೂ 2005ರ ಮಾಹಿತಿ ಹಕ್ಕಿಗೆ ಒಳಪಡುತ್ತದೆ. 2013ರ ಆಹಾರ ಭದ್ರತಾ ಕಾಯಿದೆಯಲ್ಲಿ ಸಾಮಾಜಿಕ ಲೆಕ್ಕಪರಿಶೋಧನೆಗೆ ಅವಕಾಶವಿದೆ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ಈ ಐದು ತಾಲೂಕಿನಲ್ಲಿ ಯಾವ ಸಂಸ್ಥೆಗೆ ಎಷ್ಟು ಅನುದಾನ ಬಂತು, ಎಷ್ಟು ಮಕ್ಕಳು ಸೇರಿದರು, ಎಷ್ಟು ಮಕ್ಕಳು ನಡುವೆ ಬಿಟ್ಟರು, ಜೂನ್‌ನಲ್ಲಿ ತೂಕ ಎಷ್ಟು, ಮಾರ್ಚ್‌ನಲ್ಲಿ ಎಷ್ಟು — ಇಷ್ಟನ್ನೇ ಕೇಳೋಣ, ಉತ್ತರವನ್ನು ಗ್ರಾಮಸಭೆಯಲ್ಲಿ ಓದಿಸೋಣ. ಅರ್ಜಿಯ ನಮೂನೆ ಬರೆದು ತಂದಿದ್ದೇವೆ, 10 ರೂಪಾಯಿಯ ಪೋಸ್ಟಲ್ ಆರ್ಡರುಗಳೂ ಇವೆ. ಸಭೆ ಮುಗಿದ ಮೇಲೆ ಪ್ರತಿ ತಾಲೂಕಿನಿಂದ ಇಬ್ಬರು ಬೇವಿನ ಮರದ ಹತ್ತಿರ ಬರ್ರಿ. ಒಬ್ಬರಾದರೂ ಹೆಣ್ಣುಮಗಳು ಇರಲಿ.