ತಲೆಗೆ ಬರೋದೆಲ್ಲ ನಾನೇನಾ?

ಬಸ್ಸಲ್ಲಿ ನಿಂತ್ಕೊಂಡು ಕೇಳ್ತಿರೋರು ಒಂದು ಕೈಲಿ ಕಂಬಿ ಗಟ್ಟಿಯಾಗಿ ಹಿಡ್ಕೊಳ್ಳಿ, ಇವತ್ತಿನ ಮಾತು ಸ್ವಲ್ಪ ಗಂಭೀರ.

ಡಿಗ್ರಿ ಮುಗಿದ ವರ್ಷ ನಾನು ಐದು ಇಂಟರ್‌ವ್ಯೂಗೆ ಹೋದೆ. ಐದರಲ್ಲೂ ಆಗಲಿಲ್ಲ. ಕೊನೆಯದರ ಮೇಲ್ ಬಂದಾಗ ನಾನು ಭಾನುವಾರದ ಆರಾಧನೆಗೆ ಹಾಡಿನ ಸ್ಲೈಡ್ ಮಾಡ್ತಾ ಕೂತಿದ್ದೆ. ಲ್ಯಾಪ್‌ಟಾಪ್ ಪರದೆ ಮೇಲೆ ದೇವರ ಪ್ರೀತಿಯ ಹಾಡು. ತಲೆಯೊಳಗೆ ಒಂದೇ ಮಾತು: 'ನೀನೊಂದು ದಂಡಪಿಂಡ'. ಎರಡರಲ್ಲಿ ನಾನು ಯಾವುದನ್ನ ನಂಬಿದೆ ಅಂತ ಬೇರೆ ಹೇಳಬೇಕಾಗಿಲ್ಲ. ಆದ್ರೂ ಭಾನುವಾರ ಬೆಳಿಗ್ಗೆ ಎಲ್ಲರ ಜೊತೆ ಅದೇ ಹಾಡು ಹಾಡಿದೆ. ನಗ್ತಾನೇ ಹಾಡಿದೆ.

ಬಾಯಿ ಒಂದು ಹೇಳುತ್ತೆ, ತಲೆ ಇನ್ನೊಂದು ನಂಬುತ್ತೆ. ಸಭೆಗೆ ಹೋಗೋ ನಮ್ಮಲ್ಲಿ ತುಂಬಾ ಜನರ ಪಾಡು ಇದೇ ಅಂತ ನನಗನಿಸುತ್ತೆ.

ಮತ್ತಾಯನ ಸುವಾರ್ತೆಯ ಮೂರು, ನಾಲ್ಕನೇ ಅಧ್ಯಾಯಗಳನ್ನ ಒಟ್ಟಿಗೆ ಓದಿ. ಯೊರ್ದನ್ ಹೊಳೆಯಲ್ಲಿ ಯೇಸು ದೀಕ್ಷಾಸ್ನಾನ ಮಾಡಿಸಿಕೊಂಡು ಮೇಲೆ ಬರ್ತಾರೆ. ಇವನು ನನ್ನ ಪ್ರೀತಿಯ ಮಗ, ಇವನನ್ನ ಮೆಚ್ಚಿದ್ದೇನೆ ಅಂತ ತಂದೆ ಹೇಳೋದು ಆಗಲೇ. ಮತ್ತಾಯ ಹೇಳೋ ಕಥೆಯಲ್ಲಿ ಅಲ್ಲಿವರೆಗೆ ಯೇಸು ಒಂದು ಅದ್ಭುತವನ್ನೂ ಮಾಡಿಲ್ಲ. ಪ್ರಸಂಗ ಇಲ್ಲ, ಶಿಷ್ಯರಿಲ್ಲ. ರೆಸ್ಯೂಮೆ ಖಾಲಿ! ಮೊದಲು ಬಂದಿದ್ದು ಹೆಸರು, ಕೆಲಸ ಆಮೇಲೆ.

ನಂತರ ಅಡವಿ. ನಲವತ್ತು ದಿನದ ಉಪವಾಸ, ಹಸಿವು. ಸೈತಾನ ಮೊದಲು ಕೈ ಹಾಕೋದು ಎಲ್ಲಿಗೆ? ಹೊಳೆಯ ಹತ್ತಿರ ಕೇಳಿದ ಆ ಮಾತಿಗೇ. ಮಗನೇ ಹೌದಾದ್ರೆ ಈ ಕಲ್ಲನ್ನ ರೊಟ್ಟಿ ಮಾಡಿ ತೋರಿಸು ಅನ್ನೋ ಧಾಟಿ. ನಮ್ಮ ತಲೆಯೊಳಗಿನ ದನಿಯೂ ಹೀಗೇ ಅಲ್ವಾ? ಸಂಬಳ ತೋರಿಸು, ಮಾರ್ಕ್ಸ್ ತೋರಿಸು, ಆಮೇಲೆ ನೀನು ಯಾರು ಅಂತ ನೋಡೋಣ. ಯೇಸು ಏನೂ ತೋರಿಸಲಿಲ್ಲ. ಮೂರು ಸಲವೂ ಧರ್ಮೋಪದೇಶಕಾಂಡದ ಮಾತಿನಿಂದಲೇ ಉತ್ತರ ಕೊಟ್ಟರು.

ರೋಮಾಪುರದವರಿಗೆ ಬರೆದ ಪತ್ರದ ಹನ್ನೆರಡನೇ ಅಧ್ಯಾಯದಲ್ಲಿ ಪೌಲ ಮನಸ್ಸು ಹೊಸದಾಗಬೇಕು ಅಂತಾನೆ. ಇದನ್ನ ಪಾಸಿಟಿವ್ ಥಿಂಕಿಂಗ್ ಅಂದ್ಕೋಬೇಡಿ, ಪ್ಲೀಸ್. ಕನ್ನಡಿ ಮುಂದೆ ನಿಂತು 'ನಾನೇ ಕಿಂಗ್' ಅನ್ನೋದಲ್ಲ ಇದು. ಅದೂ 'ನಾನು' ಅನ್ನೋದರ ಮೇಲೇ ನಿಂತಿರೋದು, ಆರನೇ ಇಂಟರ್‌ವ್ಯೂಗೆ ಕುಸಿದು ಬೀಳುತ್ತೆ.

ಹಾಗಾದ್ರೆ ನಾನು ಮಾಡಿದ್ದೇನು? ತಲೆಗೆ ಬಂದ ಮಾತನ್ನ ಫೋನಿನ ನೋಟ್ಸ್‌ನಲ್ಲಿ ಬಂದ ಹಾಗೇ ಬರೆದೆ. ಕೆಳಗೆ ಒಂದು ಪ್ರಶ್ನೆ: ಇದನ್ನ ಹೇಳ್ತಿರೋದು ಯಾರು? ಎಚ್‌ಆರ್‌ನವರ ಮೇಲ್‌ನಲ್ಲಿ ಇದ್ದಿದ್ದು 'ಈ ಹುದ್ದೆಗೆ ಆಯ್ಕೆಯಾಗಿಲ್ಲ' ಅಂತ ಅಷ್ಟೇ. ದಂಡಪಿಂಡ ಅಂತ ಅವರು ಬರೆದಿರಲಿಲ್ಲ. ದೇವರೂ ಹೇಳಿರಲಿಲ್ಲ. ಆ ಪದ ನಾನೇ ಸೇರಿಸಿಕೊಂಡಿದ್ದು.

ಇಲ್ಲಿ ಒಂದು ಎಚ್ಚರಿಕೆ ಹೇಳ್ಲೇಬೇಕು. ಕೆಲವರ ಮನಸ್ಸು ಎಷ್ಟು ಸುಸ್ತಾಗಿರುತ್ತೆ ಅಂದ್ರೆ ಈ ಪ್ರಶ್ನೆ ಕೇಳೋಕೂ ಶಕ್ತಿ ಇರಲ್ಲ. ಅಂಥವರಿಗೆ 'ನಿಂಗೆ ವಿಶ್ವಾಸ ಕಡಿಮೆ' ಅನ್ನೋದು ಕ್ರೌರ್ಯ. ಪ್ರವಾದಿ ಎಲೀಯನನ್ನೇ ನೋಡಿ. ಕರ್ಮೆಲ್ ಬೆಟ್ಟದ ಮೇಲೆ ಗೆದ್ದು ಬಂದವನು, ರಾಣಿಯ ಬೆದರಿಕೆಗೆ ಓಡಿಹೋಗಿ ಗಿಡದ ಕೆಳಗೆ ಕೂತು ಸಾವು ಬೇಡ್ತಾನೆ. ದೇವರು ಆಗ ಅವನಿಗೆ ಬುದ್ಧಿ ಹೇಳಲಿಲ್ಲ. ನಿದ್ದೆ, ಬಿಸಿ ರೊಟ್ಟಿ, ನೀರು. ಮತ್ತೆ ನಿದ್ದೆ, ಮತ್ತೆ ಊಟ. ನಾನೊಬ್ಬನೇ ಉಳಿದಿದ್ದೀನಿ ಅನ್ನೋ ಅವನ ಯೋಚನೆ ತಪ್ಪು, ಇನ್ನೂ ಏಳು ಸಾವಿರ ಜನ ಇದ್ದಾರೆ ಅಂತ ತಿದ್ದಿದ್ದು ಎಷ್ಟೋ ದಿನ ಕಳೆದ ಮೇಲೆ, ಹೋರೇಬ್ ಬೆಟ್ಟದಲ್ಲಿ.

ಆದ್ದರಿಂದ ಸಾಯೋ ಯೋಚನೆ ಬರ್ತಿದ್ರೆ ಪ್ರಾರ್ಥನೆಯ ಜೊತೆಗೆ ಡಾಕ್ಟರನ್ನೂ ನೋಡಿ. ಟೆಲಿ ಮಾನಸ್ ನಂಬರ್ 14416, ಉಚಿತ. ಕನ್ನಡದಲ್ಲೇ ಮಾತಾಡಬಹುದು. ಮನೆಯಲ್ಲಿ ಒಬ್ಬರಿಗಾದ್ರೂ ಹೇಳಿ. ನಾನು ಅಕ್ಕನಿಗೆ ಹೇಳಿದೆ. ಅವಳು ಬೈಬಲ್ ತೆಗೀಲಿಲ್ಲ, 'ಮೊದಲು ಊಟ ಮಾಡು, ಬಾ' ಅಂದಳು.

ಆಮೇಲೆ ಕೆಲಸ ಸಿಕ್ತು. ಆ ನೋಟ್ ಮಾತ್ರ ಫೋನಲ್ಲಿ ಹಾಗೇ ಇದೆ. ಕಳೆದ ತಿಂಗಳು ಆಫೀಸಲ್ಲಿ ಒಂದು ಮೀಟಿಂಗ್ ಕೆಟ್ಟದಾಗಿ ಹೋಯ್ತು, ಅದೇ ಹಳೇ ಪದ ಮತ್ತೆ ಬಂತು. ಲಿಫ್ಟ್ ಹತ್ತಿರ ನಿಂತು ನೋಟ್ ತೆಗೆದೆ, ತಾರೀಖು ಹಾಕಿ, ಕೆಳಗೆ ಅದೇ ಪ್ರಶ್ನೆ ಬರೆದೆ.