ಕಾಡಿಗೂ ಜನರಿಗೂ ಒಳಿತಾಗುವ ವ್ಯಾಪಾರ
(ಸಂಸ್ಥೆಯ ವಾರ್ಷಿಕ ಸಮಾರಂಭದಲ್ಲಿ ಮಾಡಿದ ಭಾಷಣದ ಬರಹ ರೂಪ)



ವನ್ಯಜೀವಿ ರಕ್ಷಣೆ ಎಂದೊಡನೆ ನಮಗೆ ಅರಣ್ಯ ಇಲಾಖೆ ನೆನಪಾಗುತ್ತದೆ. ವ್ಯಾಪಾರ ಎಂದೊಡನೆ ಕಾಡು ಕಡಿಯುವವರು ನೆನಪಾಗುತ್ತಾರೆ. ಆದರೆ ಕಾಡಿಗೂ ಕಾಡಂಚಿನ ಜನರಿಗೂ ಒಳಿತು ಮಾಡುವ ವ್ಯಾಪಾರವೂ ಇದೆ. ಅದಕ್ಕೆ ನಾವು ಹೇಗೆ ಆಸರೆಯಾಗಬಹುದು ಎಂಬುದೇ ನನ್ನ ಇಂದಿನ ಮಾತು.

ಲಂಟಾನ ಗಿಡವನ್ನು ನೀವೆಲ್ಲ ನೋಡಿದ್ದೀರಿ. ಬೇಲಿಯ ಬದಿಯಲ್ಲಿ ಬಣ್ಣಬಣ್ಣದ ಹೂಗೊಂಚಲು ಬಿಡುವ ಪೊದೆ. ಅಮೆರಿಕ ಖಂಡದ ಈ ಗಿಡವನ್ನು ಬ್ರಿಟಿಷರು 19ನೇ ಶತಮಾನದಲ್ಲಿ ಅಲಂಕಾರಕ್ಕೆಂದು ಭಾರತಕ್ಕೆ ತಂದರು. ಇಂದು ಅದು ಕಾಡನ್ನೇ ನುಂಗಿದೆ. ದೇಶದ ಹುಲಿ ನೆಲೆಗಳಲ್ಲಿ ಶೇ. 40ಕ್ಕಿಂತ ಹೆಚ್ಚು ಭಾಗಕ್ಕೆ ಇದು ಹಬ್ಬಿದೆ ಎಂದು 2020ರ ಅಧ್ಯಯನವೊಂದು ಅಂದಾಜಿಸಿತು. ಇದರ ಎಲೆ ವಿಷ, ಮೇಯುವ ಪ್ರಾಣಿಗಳು ಸಾಮಾನ್ಯವಾಗಿ ತಿನ್ನುವುದಿಲ್ಲ. ಇದರ ಪೊದೆಯಡಿ ಹುಲ್ಲೂ ಚಿಗುರದು. ಜಿಂಕೆ, ಕಾಟಿ, ಆನೆಗಳ ಮೇವು ಕಡಿಮೆಯಾಗುತ್ತದೆ. ಜಿಂಕೆಗೆ ಮೇವಿಲ್ಲದ ಕಾಡಿನಲ್ಲಿ ಹುಲಿಗೆ ಆಹಾರವೆಲ್ಲಿ?

ನಮ್ಮ ಮಲೆ ಮಹದೇಶ್ವರ ಬೆಟ್ಟದ ಸುತ್ತಲಿನ ಸೋಲಿಗರು ಮತ್ತು ಇತರ ಕುಶಲಕರ್ಮಿಗಳಿಗೆ ಬಿದಿರಿನ ಕೆಲಸ ಗೊತ್ತಿತ್ತು. ಬಿದಿರು ಸಿಗುವುದು ಕಷ್ಟವಾಗಿತ್ತು. 2000ರ ದಶಕದಲ್ಲಿ ಬೆಂಗಳೂರಿನ ಏಟ್ರೀ ಸಂಸ್ಥೆ ಅವರಿಗೆ ಲಂಟಾನದಿಂದ ಪೀಠೋಪಕರಣ ಮಾಡುವ ತರಬೇತಿ ಕೊಟ್ಟಿತು. ಕಡ್ಡಿಗಳನ್ನು ನೀರಿನಲ್ಲಿ ಕುದಿಸಿ, ತೊಗಟೆ ಸುಲಿದು, ಬಿಸಿ ಇರುವಾಗಲೇ ಬಗ್ಗಿಸಿ ಕುರ್ಚಿ, ಮೇಜು, ಬುಟ್ಟಿ ಮಾಡುತ್ತಾರೆ. ನೀಲಗಿರಿಯ ಗೂಡಲೂರು ಸುತ್ತಲಿನ ಆದಿವಾಸಿ ಕುಶಲಕರ್ಮಿಗಳು ಇದೇ ಕಡ್ಡಿಯಿಂದ ನಿಜವಾದ ಆನೆಯಷ್ಟೇ ದೊಡ್ಡ ಆನೆಗಳನ್ನು ಕಟ್ಟಿದರು. ಅವು 2021ರಲ್ಲಿ ಲಂಡನ್ನಿನ ಉದ್ಯಾನಗಳಲ್ಲಿ ನಿಂತವು, 2024ರಲ್ಲಿ ಅಮೆರಿಕಕ್ಕೂ ಹೋದವು. ಕಾಡಿಗೆ ಕಳೆಯಾದದ್ದು ಒಂದು ಮನೆಗೆ ಕೂಲಿಯಾಯಿತು.

ಇಲ್ಲಿ ಒಂದು ಮಾತನ್ನು ಮುಚ್ಚಿಡಬಾರದು. ಕುರ್ಚಿ ಮಾಡಿದ ಮಾತ್ರಕ್ಕೆ ಲಂಟಾನ ಮುಗಿಯುವುದಿಲ್ಲ. ಕಡಿದ ಬುಡದಿಂದ ಅದು ಮತ್ತೆ ಚಿಗುರುತ್ತದೆ. ಬೇರುಸಹಿತ ಕಿತ್ತು, ಮೂರ್ನಾಲ್ಕು ವರ್ಷ ಸಸಿಗಳನ್ನು ತೆಗೆಯುತ್ತಲೇ ಇರಬೇಕು. ಅದು ಇಲಾಖೆ ಮತ್ತು ಊರಿನವರು ಕೂಡಿ ಮಾಡಬೇಕಾದ ದೊಡ್ಡ ಕೆಲಸ. ಆದರೆ ಕಾಡು ಚೆನ್ನಾಗಿರಬೇಕೆಂಬ ಆಸೆಯ ಜೊತೆಗೆ ಆದಾಯವೂ ಸೇರಿದರೆ ಆ ಕೆಲಸಕ್ಕೆ ಕೈಗಳು ಸಿಗುತ್ತವೆ.

ಇಂಥ ಹೊಸ ಉದ್ಯಮಗಳು ಕುಶಲತೆ ಇಲ್ಲದೆ ಸೋಲುವುದು ಅಪರೂಪ. ಕೊಳ್ಳುವವರಿಲ್ಲದೆ, ಹಣ ಸಕಾಲಕ್ಕೆ ಬಾರದೆ ಸೋಲುತ್ತವೆ. ನೀವು ಈಗ ಕುಳಿತಿರುವ ಪ್ಲಾಸ್ಟಿಕ್ ಕುರ್ಚಿ ಅಗ್ಗ. ಏಕೆಂದರೆ ಅದನ್ನು ಯಂತ್ರ ಅಚ್ಚು ಹಾಕಿದೆ. ಕಡ್ಡಿ ಕಡಿದು, ಹೊತ್ತು ತಂದು, ಕೈಯಲ್ಲಿ ಕಟ್ಟಿದ ಕುರ್ಚಿಯ ಬೆಲೆಯಲ್ಲಿ ಒಬ್ಬರ ದಿನಗೂಲಿ ಸೇರಿದೆ. ಅದನ್ನು ಕೊಂಡು ಮೂರು ತಿಂಗಳ ನಂತರ ಹಣ ಕೊಡುವವನು ಉಪಕಾರಿಯಲ್ಲ. ಆ ಮೂರು ತಿಂಗಳು ಆ ಮನೆಯ ಒಲೆ ಉರಿಯುವುದು ಹೇಗೆ?

ಆದ್ದರಿಂದ ಸದಸ್ಯರಲ್ಲಿ ನನ್ನ ವಿನಂತಿ: ನಮ್ಮ ವಾಚನಾಲಯಕ್ಕೆ ಮುಂದೆ ಕುರ್ಚಿ ಬೇಕಾದಾಗ ಹತ್ತನ್ನಾದರೂ ಇಂಥ ಕುಶಲಕರ್ಮಿಗಳಿಂದ ತರಿಸೋಣ, ಅರ್ಧ ಹಣ ಮುಂಗಡ ಕೊಡೋಣ. ಕರುಣೆಯಿಂದ ಬೇಡ, ಗಟ್ಟಿಯಾಗಿದೆಯೇ ಎಂದು ಪರೀಕ್ಷಿಸಿ, ಗಿರಾಕಿಗಳಾಗಿಯೇ ಕೊಳ್ಳೋಣ.

ವಿದ್ಯಾರ್ಥಿಗಳೇ, ಹಣ ಇಲ್ಲದಿದ್ದರೂ ನಿಮ್ಮಲ್ಲಿ ವಿದ್ಯೆ ಇದೆ. ವಾಣಿಜ್ಯ ಓದುವವರು ಅಂಥ ಗುಂಪಿಗೆ ಲೆಕ್ಕ ಬರೆಯುವುದನ್ನು, ಬೆಲೆ ಕಟ್ಟುವುದನ್ನು ಕಲಿಸಬಹುದು. ವಿಜ್ಞಾನ ಓದುವವರು ಲಂಟಾನ ತೆಗೆದ ಜಾಗದಲ್ಲಿ ಯಾವ ಹುಲ್ಲು ಮರಳಿ ಬಂದಿದೆ ಎಂದು ವರ್ಷವರ್ಷವೂ ದಾಖಲಿಸಬಹುದು. ಆ ದಾಖಲೆಯಿಲ್ಲದೆ ಕಾಡಿಗೆ ಒಳಿತಾಯಿತು ಎಂದು ಯಾರೂ ಹೇಳಿಕೊಳ್ಳುವಂತಿಲ್ಲ.

ನೌಕರಿ ಹುಡುಕುವುದಷ್ಟೇ ವಿದ್ಯೆಯ ಗುರಿಯಲ್ಲ. ನಾಲ್ಕು ಜನರಿಗೆ ಅವರ ಊರಿನಲ್ಲೇ ಕೆಲಸ ಸಿಗುವಂತೆ ಮಾಡಿ, ಆ ಊರಿನ ಕಾಡನ್ನೂ ಉಳಿಸಿದರೆ ಅದಕ್ಕಿಂತ ದೊಡ್ಡ ಪದವಿ ಬೇರೊಂದಿಲ್ಲ. ನಿಮ್ಮಲ್ಲಿ ಒಬ್ಬರಾದರೂ ಆ ದಾರಿ ಹಿಡಿದರೆ ನನ್ನ ಮಾತು ಸಾರ್ಥಕ.