ತಡವಾಗಿ ಬಂದ ಭೇಷ್

ನಮ್ಮ ದೊಡ್ಡಬಳ್ಳಾಪುರದ ನೇಕಾರರ ಬೀದಿಗಳಿಗೆ ತಮ್ಮದೇ ಆದ ಒಂದು ತಾಳವಿದೆ. ವಿದ್ಯುತ್ತು ಇರುವಷ್ಟು ಹೊತ್ತೂ ಮಗ್ಗಗಳ ಸದ್ದು ನಿಲ್ಲುವುದಿಲ್ಲ. ನಿಂತಿತೆಂದರೆ ಕರೆಂಟು ಹೋಯಿತೆಂದೇ ಅರ್ಥ. ಅಂಥ ಬೀದಿಯೊಂದರಲ್ಲಿ ನಾವು ಕೆಲವರು ಬಹುಕಾಲದಿಂದ ರಾಮನವಮಿಗೆ ಒಂದು ಪುಟ್ಟ ಕಚೇರಿಯನ್ನು ನಡೆಸಿಕೊಂಡು ಬಂದಿದ್ದೇವೆ. ಚಪ್ಪರ, ಜಮಖಾನ, ಪಾನಕ, ಕೋಸಂಬರಿ, ಬೆಂಗಳೂರಿನಿಂದ ಬರುವ ಒಬ್ಬ ಗಾಯಕಿ, ಪಿಟೀಲು ಮೃದಂಗಗಳಿಗೆ ಇಬ್ಬರು – ಇಷ್ಟೇ ನಮ್ಮ ವೈಭವ. ಆ ಒಂದು ಸಂಜೆ ಬೀದಿಯವರು ತಾವಾಗಿಯೇ ಮಗ್ಗ ನಿಲ್ಲಿಸುತ್ತಾರೆ. ನೇಯ್ದಷ್ಟಕ್ಕೇ ಕೂಲಿ ಕಾಣುವವರ ಪಾಲಿಗೆ ಅದು ಸಣ್ಣ ಕಾಣಿಕೆಯಲ್ಲ.

2020ರಲ್ಲಿ ರಾಮನವಮಿ ಏಪ್ರಿಲ್ 2ರಂದು ಬಂದಿತು. ಮಾರ್ಚ್ 25ರಿಂದಲೇ ದೇಶಕ್ಕೆ ದೇಶವೇ ಬಾಗಿಲು ಹಾಕಿಕೊಂಡಿತ್ತು. ಈ ವರ್ಷಕ್ಕೆ ಇಲ್ಲವೆಂದು ನಾನು ಕೈಚೆಲ್ಲಿ ಕುಳಿತಿದ್ದಾಗ, ಹಿಂದೆ ನನ್ನ ವಿದ್ಯಾರ್ಥಿಯಾಗಿದ್ದ ನೇಕಾರರ ಹುಡುಗನೊಬ್ಬ ಫೋನು ಮಾಡಿ, "ಮೇಷ್ಟ್ರೇ, ಫೇಸ್‌ಬುಕ್ಕಿನಲ್ಲಿ ಲೈವ್ ಮಾಡೋಣ. ಅವರವರ ಮನೆಯಿಂದ ಅವರವರು ನುಡಿಸಲಿ" ಎಂದ.

ಹಿಂದಿನ ದಿನ ಮೂವರನ್ನೂ ಮೂರು ಮನೆಗಳಿಂದ ಕೂಡಿಸಿ ನೋಡಿದೆವು. ಒಂದು ಆವರ್ತ ಮುಗಿಯುವುದರೊಳಗೆ ತಾಳ ಚೆಲ್ಲಾಪಿಲ್ಲಿಯಾಯಿತು. ಕಾರಣ ಸರಳವಾದದ್ದೇ. ವೇದಿಕೆಯ ಮೇಲೆ ಗಾಯಕಿಯ ದನಿ ಮೃದಂಗದವರನ್ನು ಮುಟ್ಟಲು ಸೆಕೆಂಡಿನ ನೂರನೆಯ ಒಂದು ಭಾಗವೂ ಬೇಕಿಲ್ಲ. ನೂರರಲ್ಲಿ ಮೂರು ಭಾಗದಷ್ಟು ತಡವಾದರೂ ಜೊತೆಯಾಗಿ ನುಡಿಸುವುದು ಕಷ್ಟವೆನ್ನುತ್ತಾರೆ ಬಲ್ಲವರು. ಅಂತರ್ಜಾಲದ ಹಾದಿಯಲ್ಲಿ ಆಗುವ ವಿಳಂಬ ಅದರ ಹಲವು ಪಟ್ಟು. ಸಾಲದುದಕ್ಕೆ ತಂಬೂರಿಯ ನಾದವೂ ಮಾಯವಾಯಿತು. ಒಂದೇ ಸಮನೆ ಕೇಳುವ ಸದ್ದನ್ನೆಲ್ಲ ಫ್ಯಾನಿನ ಗದ್ದಲವೆಂದು ಬಗೆದು ಅಳಿಸಿಬಿಡುವ ಜಾಣತನವನ್ನು ಇಂಥ ವ್ಯವಸ್ಥೆಗಳಿಗೆ ಕಲಿಸಿದ್ದಾರೆ. ನಮ್ಮ ಸಂಗೀತದ ಆಧಾರಶ್ರುತಿಯೇ ಅದಕ್ಕೆ ಗದ್ದಲವಾಗಿ ತೋರಿತು! ಹುಡುಗ ಆ ಜಾಣತನವನ್ನು ಹೇಗೋ ಆರಿಸಿದ. ತಾಳದ ತೊಡಕನ್ನು ಮಾತ್ರ ಬಿಡಿಸಲಾಗಲಿಲ್ಲ. ಕೊನೆಗೆ ಗಾಯಕಿ ಒಬ್ಬರೇ ಹಾಡುವುದೆಂದು ನಿಶ್ಚಯವಾಯಿತು. ಪಕ್ಕವಾದ್ಯದವರಿಗೂ ಎಂದಿನ ಸಂಭಾವನೆಯನ್ನೇ ಕಳುಹಿಸಿದೆವು. ಮೃದಂಗದವರು, "ನುಡಿಸದೆ ತೆಗೆದುಕೊಂಡ ಹಣ ಸ್ವಾಮಿ, ಇದು ಸಾಲ. ಚಪ್ಪರ ಎದ್ದ ವರ್ಷ ತೀರಿಸುತ್ತೇನೆ" ಎಂದರು.

ಆ ಸಂಜೆ ಆಕೆ ಎರಡು ಕೃತಿಗಳನ್ನು ಹಾಡಿ ನಿಲ್ಲಿಸಿ, ಕನ್ನಡಕವನ್ನು ಸರಿಪಡಿಸಿಕೊಂಡು, "ಯಾರಾದರೂ ಕೇಳುತ್ತಿದ್ದೀರಾ, ಮೇಷ್ಟ್ರೇ?" ಎಂದರು. ನನ್ನ ಎದೆ ಧಸಕ್ಕೆಂದಿತು. ಕೇಳುವವರಿದ್ದರು, ಆದರೆ ತಲೆದೂಗುವವರು ಆಕೆಗೆ ಕಾಣುವಂತಿರಲಿಲ್ಲ. ನೇರಪ್ರಸಾರವೆಂದರೂ ಅದು ಪೂರ್ತಿ ನೇರವಲ್ಲ. ಹಾಡನ್ನು ಕೆಲವು ಸೆಕೆಂಡುಗಳ ತುಣುಕುಗಳಾಗಿ ಕತ್ತರಿಸಿ, ದೂರದ ಯಂತ್ರಗಳಲ್ಲಿ ಇರಿಸಿ, ಅಲ್ಲಿಂದ ಮನೆಮನೆಗೆ ಹಂಚುತ್ತಾರೆ. ಹೀಗಾಗಿ ಕಲ್ಪನಾಸ್ವರಕ್ಕೆಂದು ಬರೆದ 'ಭೇಷ್', ಆಕೆ ನೀರು ಕುಡಿಯುತ್ತಿದ್ದಾಗ ಬಂದು ತಲುಪಿತು. ಆಕೆ ಲೋಟ ಕೆಳಗಿಟ್ಟು ನಕ್ಕರು. ಆಮೇಲೆ ಸೊಲ್ಲಾಪುರಕ್ಕೆ ಮದುವೆಯಾಗಿ ಹೋದ ನಮ್ಮ ಬೀದಿಯ ಹೆಣ್ಣುಮಗಳೊಬ್ಬಳು, ತೀರಿಕೊಂಡ ತಾಯಿ ಹಾಡುತ್ತಿದ್ದ ದೇವರನಾಮವೊಂದನ್ನು ಕೇಳಿದಳು. ಗಾಯಕಿ ಅದನ್ನು ಹಾಡಿದರು. ಬಾನುಲಿಗೆ ಕಾಗದ ಬರೆದು ಕೋರಿಕೆಯ ಹಾಡಿಗಾಗಿ ವಾರಗಟ್ಟಲೆ ಕಾದ ನಮ್ಮ ತಲೆಮಾರಿಗೆ ಇದು ಪವಾಡವೇ ಸರಿ.

ಕೇಳುಗನನ್ನು ಮುಟ್ಟುವ ಈ ಹಂಬಲ ಹೊಸದಲ್ಲ. ಹಿಂದಿನ ಸಾಲಿನವನಿಗೂ ಕೇಳಿಸಲೆಂದು ಚೌಡಯ್ಯನವರು ಪಿಟೀಲಿಗೆ ಏಳು ತಂತಿ ಕಟ್ಟಿದರು. 1935ರಲ್ಲಿ ಮೈಸೂರಿನಲ್ಲಿ ಡಾ. ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲೇ ಬಾನುಲಿ ನಿಲಯ ತೆರೆದು, 'ಆಕಾಶವಾಣಿ' ಎಂಬ ಹೆಸರನ್ನು ಬಳಕೆಗೆ ತಂದರು. 1954ರಲ್ಲಿ ಆರಂಭವಾದ ಆಕಾಶವಾಣಿ ಸಂಗೀತ ಸಮ್ಮೇಳನವು ಗಾಯಕರ ಎದುರಿಗೆ ಶ್ರೋತೃಗಳನ್ನು ಕರೆಸಿ ಕೂರಿಸಿತು. ಗೋಡೆಗಳ ನಡುವೆ ರಸಿಕನಿಲ್ಲದೆ ಹಾಡುವ ಕಷ್ಟವನ್ನು ಬಲ್ಲವರ ಏರ್ಪಾಡು ಅದು. 2020ರ ಡಿಸೆಂಬರಿನಲ್ಲಿ ಮದರಾಸಿನ ಮ್ಯೂಸಿಕ್ ಅಕಾಡೆಮಿಯೇ ತನ್ನ ಉತ್ಸವವನ್ನು ಅಂತರ್ಜಾಲದಲ್ಲಿ ನಡೆಸಿದ ಮೇಲೆ, ನಮ್ಮ ಬೀದಿಯ ಪ್ರಯೋಗಕ್ಕೂ ಸ್ವಲ್ಪ ಮರ್ಯಾದೆ ಬಂದಿತೆನ್ನಬೇಕು.

2022ರ ಏಪ್ರಿಲ್ 10ರಂದು ಮತ್ತೆ ಚಪ್ಪರ ಎದ್ದಿತು. ಫೋನನ್ನೂ ನಿಲ್ಲಿಸಿದೆವು. ಹಿರಿಯರೊಬ್ಬರು, "ಅಂಗೈಯಲ್ಲೇ ಸಿಕ್ಕಿದರೆ ಜಮಖಾನಕ್ಕೆ ಯಾರು ಬರುತ್ತಾರಯ್ಯ?" ಎಂದು ಗದರಿದರು. ಗದರಿಕೆಯಲ್ಲಿ ಹುರುಳಿಲ್ಲದಿರಲಿಲ್ಲ. ಬರುವ ಮಾತುಗಳನ್ನೆಲ್ಲ ವೇದಿಕೆಯ ಪಕ್ಕದಲ್ಲೇ ಪರದೆಯ ಮೇಲೆ ತೋರಿಸಿದ್ದೆವು. ಆಲಾಪನೆಯ ನಡುವೆ ಗಾಯಕಿಯ ಕಣ್ಣು ಅತ್ತಲೇ ಹೋಗುತ್ತಿತ್ತು. ಕೂಡಲೇ ಪರದೆಯನ್ನು ತಿರುಗಿಸಿದೆವು. ಎರಡು ಕೃತಿಗಳ ನಡುವೆ ನಾನು ಒಂದೆರಡನ್ನು ಓದಿ ಹೇಳುವುದು, ಮಿಕ್ಕ ಹೊತ್ತು ಯಾರೂ ಅಡ್ಡ ಬರಬಾರದು ಎಂದು ಕಟ್ಟಳೆ ಮಾಡಿಕೊಂಡೆವು. ಕಚೇರಿಯ ಮುದ್ರಿಕೆಯನ್ನು ಜಾಲದಲ್ಲಿ ಉಳಿಸಬೇಕೆ, ಅಳಿಸಬೇಕೆ ಎಂಬುದನ್ನು ಕಲಾವಿದರಿಗೇ ಬಿಟ್ಟೆವು. ಒಂದು ಸಂಜೆಯ ಸಂಭಾವನೆ ಕೊಟ್ಟು ಅನೇಕ ವರ್ಷಗಳ ಹಾಡನ್ನು ಪಡೆಯುವುದು ನ್ಯಾಯವಾಗಿ ಕಾಣಲಿಲ್ಲ.

ಅಂದು ಮೃದಂಗದವರು ತಮ್ಮ ಸಾಲ ತೀರಿಸತೊಡಗಿದರು. ತನಿ ಆವರ್ತನ ಕಾವೇರುತ್ತಿದ್ದಂತೆ ಕರೆಂಟು ಹೋಯಿತು. ದೀಪ ಆರಿತು, ಮೈಕು ಸತ್ತಿತು, ಜಾಲದ ಸಂಪರ್ಕವೂ ಕಡಿಯಿತು. ಪಕ್ಕದ ಬೀದಿಯ ಮಗ್ಗಗಳೂ ನಿಂತವು. ಆ ಅಪರೂಪದ ನಿಶ್ಶಬ್ದದಲ್ಲಿ, ಆತ ನುಡಿಸುವುದನ್ನು ನಿಲ್ಲಿಸಲಿಲ್ಲ. ಬರಿಯ ಚರ್ಮದ ಮೇಲಿನ ಬರಿಯ ಬೆರಳ ಸದ್ದು. ಜಮಖಾನದ ಮೇಲಿದ್ದ ನಾವೆಲ್ಲ ಕತ್ತಲಲ್ಲೇ ತಾಳ ಹಾಕಿದೆವು. ಗದರಿದ ಹಿರಿಯರೂ ಹಾಕಿದರು.

ಕರೆಂಟು ಬಂದಾಗ ತನಿ ಮುಗಿದಿತ್ತು. ಫೋನು ನೋಡಿದೆ. ಸೊಲ್ಲಾಪುರದ ಮಗಳು ಬರೆದಿದ್ದಳು: "ಮೇಷ್ಟ್ರೇ, ನಿಂತುಹೋಯಿತಲ್ಲ, ಆಮೇಲೇನಾಯಿತು?" ಒಂದು ಬೆರಳಿನಲ್ಲಿ ಅಕ್ಷರ ಒತ್ತುವ ನಾನು ಬಹಳ ಹೊತ್ತು ಯೋಚಿಸಿ, "ಮುಂದಿನ ವರ್ಷ ತವರಿಗೆ ಬಾರಮ್ಮ" ಎಂದಷ್ಟೇ ಬರೆದೆ.